ಎಂಟಿಆರ್ ಪ್ಯಾಕೆಟ್ ಯಾರದು? (ಪ್ಯಾಕೆಟ್ ಹಿಂದಿನ ಕಥೆ, ಭಾಗ 3)

ಬರಗೂರಿನ ಅಂಗಡೀಲಿ ಎಂಟಿಆರ್ ಪುಳಿಯೋಗರೆ ಪುಡಿ ತಗೋತೀರ. ಯಾರ ಕಂಪನಿ ಅಂತ ಕೇಳಿದ್ರೆ "ನಮ್ ಬೆಂಗಳೂರಿಂದು" ಅಂತೀರ. ಅರ್ಧ ಸರಿ.

ಉಡುಪಿ ಕಡೆಯ ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಲ್ಲಿ ಒಂದು ಸಣ್ಣ ಹೋಟೆಲ್ ಶುರು ಮಾಡಿದ್ರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್ ಆಯ್ತು. 1975ರಲ್ಲಿ ಎಮರ್ಜೆನ್ಸಿ ಬಂತು. ತಿಂಡಿ ಬೆಲೆ ಇಳಿಸಿ ಅಂತ ಸರ್ಕಾರ ಹೇಳ್ತು. ಆ ರೇಟಿಗೆ ಕೊಟ್ರೆ ನಷ್ಟ, ಗುಣಮಟ್ಟ ಇಳಿಸೋಕೆ ಮನಸ್ಸಿಲ್ಲ. ಹೋಟೆಲ್ ಮುಚ್ಚಿ ರೆಡಿ ಮಿಕ್ಸ್, ಪುಡಿ ಮಾರೋಕೆ ನಿಂತ್ರು. ಪ್ಯಾಕೆಟ್ ವ್ಯವಹಾರ ಬೆಳೆದಿದ್ದು ಹಾಗೆ. ಹೋಟೆಲ್ ಆಮೇಲೆ ಮತ್ತೆ ತೆರೀತು.

2007ರಲ್ಲಿ ಪುಡಿ ಕಂಪನಿ ಎಂಟಿಆರ್ ಫುಡ್ಸ್ ಅನ್ನು ನಾರ್ವೆ ದೇಶದ ಓರ್ಕ್ಲಾ ಕೊಂಡ್ಕೊಂಡ್ತು. ಹೋಟೆಲ್ ಮಾತ್ರ ಮಯ್ಯ ಕುಟುಂಬದಲ್ಲೇ ಉಳೀತು. ಅಂದ್ರೆ ಲಾಲ್‌ಬಾಗ್ ಹತ್ರ ಕಾದು ತಿನ್ನೋ ರವೆ ಇಡ್ಲಿ ಒಬ್ಬರದು, ಪ್ಯಾಕೆಟ್ಟಿನ ರವೆ ಇಡ್ಲಿ ಮಿಕ್ಸ್ ಇನ್ನೊಬ್ಬರದು. ಹೆಸರು ಮಾತ್ರ ಒಂದೇ.

ಕಥೆ ಅಲ್ಲಿಗೆ ಮುಗೀಲಿಲ್ಲ. 2021ರಲ್ಲಿ ಕೇರಳದ ಈಸ್ಟರ್ನ್ ಮಸಾಲೆ ಕಂಪನಿಯ ಹೆಚ್ಚಿನ ಪಾಲೂ ಓರ್ಕ್ಲಾ ಕೈಗೇ ಹೋಯ್ತು. ಈಗ ನೀವು ಎಂಟಿಆರ್ ಬಿಟ್ಟು ಈಸ್ಟರ್ನ್ ತಗೊಂಡ್ರೂ ಗಲ್ಲಾಪೆಟ್ಟಿಗೆ ಒಂದೇ.

ಇದು ಹೊಸದೂ ಅಲ್ಲ. ಕಿಸಾನ್ ಜಾಮ್ ಒಂದು ಕಾಲಕ್ಕೆ ಬೆಂಗಳೂರಿನ ಯುಬಿ ಗ್ರೂಪಿಂದು. ಹೌದು, ಕಿಂಗ್‌ಫಿಶರ್ ಬಿಯರ್‌ನವರೇ! ಈಗ ಅದು ಹಿಂದೂಸ್ತಾನ್ ಯೂನಿಲಿವರ್ ಹತ್ರ ಇದೆ. ಆ ಕಿಂಗ್‌ಫಿಶರ್‌ನಲ್ಲೂ 2021ರಿಂದ ಅರ್ಧಕ್ಕಿಂತ ಹೆಚ್ಚು ಷೇರು ನೆದರ್ಲೆಂಡ್ಸಿನ ಹೈನೆಕೆನ್‌ದು.

ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ, ಅರ್ಧಕ್ಕಿಂತ ಹೆಚ್ಚು ವೋಟಿಂಗ್ ಪವರ್ ಇದ್ರೆ ಅದು ಹೋಲ್ಡಿಂಗ್ ಕಂಪನಿ, ಇನ್ನೊಂದು ಸಬ್ಸಿಡಿಯರಿ. ಎಕ್ಸಾಮಿಗೆ ಬರ್ಕೊಂಡಿರ್ತೀವಿ, ಅಡುಗೆಮನೇಲಿ ಗುರುತು ಹಿಡಿಯಲ್ಲ.

ನಮಗೇನು ಅಂತೀರಾ? ಶಿರಾ, ಮಧುಗಿರಿ, ಪಾವಗಡ ಕಡೆ ಹುಣಸೆ ಬೆಳೆಯೋರು ನಮ್ಮೋರೇ. ಬ್ರ್ಯಾಂಡ್ ಹತ್ತಿದ್ರೂ ಯಜಮಾನರು ಇಬ್ಬರೇ ಆದ್ರೆ, ರೈತನ ಹತ್ರ ಕೊಳ್ಳೋರೂ ಕಮ್ಮಿ, ಅಂಗಡೀಲಿ ಬೆಲೆ ಪೈಪೋಟಿನೂ ಕಮ್ಮಿ.

ಪುಡಿ ಬಿಡಿ ಅಂತ ಹೇಳ್ತಿಲ್ಲ, ನಮ್ಮನೇಲೂ ಅದೇ. ಇವತ್ತು ಮನೇಲಿರೋ ಒಂದು ಪ್ಯಾಕೆಟ್ ತಿರುಗ್ಸಿ, ಸಣ್ಣಕ್ಷರದಲ್ಲಿರೋ ಕಂಪನಿ ಹೆಸರು ಓದಿ. ಅದರ ಯಜಮಾನ ಯಾರು ಅಂತ ಹುಡುಕಿ, ಕಾಮೆಂಟಲ್ಲಿ ಹಾಕ್ರಪ್ಪಾ.