ಇಲ್ಲದ ಕುಕಿ ಮತ್ತು ಜಾವಾ

ವೆಬ್ ಸರ್ವರ್‌ಗೆ ಹುಟ್ಟಿನಿಂದಲೇ ಮರೆವು. ಒಮ್ಮೆ ಬಂದವರು ಮತ್ತೆ ಬಂದರೂ ಗುರುತಿಲ್ಲ. ಈ ಕೊರತೆ ನೀಗಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ, ಬ್ರೌಸರ್ ಇಟ್ಟುಕೊಂಡು ಮರಳಿ ಕಳಿಸುವ ಪುಟ್ಟ ಗುರುತುಚೀಟಿಯಾದ ಕುಕಿಯನ್ನು ರೂಪಿಸಿದರು. ಆ ದಶಕ ಮುಗಿಯುವ ಮೊದಲೇ ಜಾವಾ ಸರ್ವ್‌ಲೆಟ್‌ಗಳು ಅದನ್ನು ಓದತೊಡಗಿದವು.

ಓದಲು ಇದ್ದದ್ದು ಗೆಟ್‌ಕುಕೀಸ್ ಎಂಬ ಮೆಥಡ್. ಬ್ರೌಸರ್ ಒಂದೂ ಕುಕಿ ಕಳಿಸದಿದ್ದರೆ ಅದು ಖಾಲಿ ಅರೇ ಕೊಡುವುದಿಲ್ಲ, ನಲ್ ಕೊಡುತ್ತದೆ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಕೈಪಿಡಿ ಓದುವವರೆಷ್ಟು ಮಂದಿ! ಪ್ರೋಗ್ರಾಮರ್‌ನ ಬ್ರೌಸರಿನಲ್ಲಿ ಸಾಮಾನ್ಯವಾಗಿ ಹಳೆಯ ಕುಕಿಗಳಿರುವುದರಿಂದ ಪರೀಕ್ಷೆಯಲ್ಲಿ ತಪ್ಪು ಕಾಣದು. ಮೊದಲ ಸಲ ಬಂದವರಿಗೆ ಮಾತ್ರ ಕುಕಿ ಹುಡುಕುವ ಫಾರ್ ಲೂಪ್ ನಲ್‌ಪಾಯಿಂಟರ್ ಎಕ್ಸೆಪ್ಶನ್‌ಗೆ ಸಿಕ್ಕಿ, 500ರ ದೋಷಪುಟ ಎದುರಾಗುತ್ತದೆ.

ಹಾಗಾಗಿ ಮೊದಲು ನಲ್ ತಪಾಸಣೆ, ಆಮೇಲೆ ಹೆಸರಿನ ಹೋಲಿಕೆ ಎಂಬ ರೂಢಿ ಬೆಳೆಯಿತು. ಅರೇ ಇದ್ದೂ ಬೇಕಾದ ಕುಕಿ ಇಲ್ಲದಿರಬಹುದು. ಅದಕ್ಕೆ ಪರ್ಯಾಯ ಮೌಲ್ಯವೊಂದು ಸಿದ್ಧವಿರಬೇಕು. 2009ರ ಸ್ಪ್ರಿಂಗ್ 3.0, ಕುಕಿವ್ಯಾಲ್ಯೂ ಆನೊಟೇಶನ್‌ನಲ್ಲೇ ಅದಕ್ಕೆ ಜಾಗ ಕೊಟ್ಟಿತು. 2014ರ ಜಾವಾ 8, ಇಲ್ಲದಿರಬಹುದಾದ ಮೌಲ್ಯಕ್ಕೆಂದೇ ಆಪ್ಷನಲ್ ತಂದಿತು.

ಸರ್ವ್‌ಲೆಟ್ ಜಕಾರ್ತಾ ಹೆಸರಿಗೆ ಬದಲಾದರೂ ಗೆಟ್‌ಕುಕೀಸ್ ಇಂದಿಗೂ ನಲ್ ಕೊಡುತ್ತಲೇ ಇದೆ. ತಿದ್ದಿದರೆ, ನಲ್ ಅನ್ನೇ ನಂಬಿ ಬರೆದ ಹಳೆಯ ಕೋಡ್ ಕೆಟ್ಟೀತು.