ಒಂದು ಕ್ರಿಯಾಪದದ ವಿಚಾರಣೆ

ಮಾತಿನ ಅರ್ಥವ್ಯಾಪಾರವನ್ನು ವಿವರಿಸುವಾಗಲೆಲ್ಲ ನಮ್ಮ ಆಲಂಕಾರಿಕರು ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂಬ ಉದಾಹರಣೆಯನ್ನು ಕೊಡುತ್ತಾರೆ. ನೀರಿನ ಮೇಲೆ ಹಟ್ಟಿ ನಿಲ್ಲದು. ದಡವನ್ನು ಕೇಳುಗನೇ ಕಲ್ಪಿಸಿಕೊಳ್ಳುತ್ತಾನೆ. ಆಡಿದ ಮಾತೊಂದು, ಮುಟ್ಟಿದ ಅರ್ಥವೊಂದು. ಕಾವ್ಯದಲ್ಲಿ ಇದು ಸೊಗಸು. ಇದೇ ಸಂಗತಿ ನರಮೇಧದ ಮೊಕದ್ದಮೆಯೊಂದರಲ್ಲಿ ನ್ಯಾಯಾಧೀಶರ ಮುಂದೆ ಬಂದ ಬಗೆಯನ್ನು ಇಂದು ಹೇಳಬಯಸುತ್ತೇನೆ. ಅಲ್ಲಿ ಕಟಕಟೆಯಲ್ಲಿ ನಿಂತದ್ದು ಒಂದು ಬಾನುಲಿ ಕೇಂದ್ರ. ಧ್ವನಿವರ್ಧಕದ ಮುಂದೆ ಕುಳಿತ ನನಗೆ ಅದು ದೂರದ ವಿಷಯವೆನಿಸುವುದಿಲ್ಲ.

ರುವಾಂಡ ಆಫ್ರಿಕದ ನಡುವಣ ಪುಟ್ಟ ಬೆಟ್ಟನಾಡು. 1993ರ ಜುಲೈಯಲ್ಲಿ ಅಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ಬಾನುಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖನಾದ ಫರ್ಡಿನಾಂಡ್ ನಹಿಮಾನಾ ಚರಿತ್ರೆಯ ಪ್ರಾಧ್ಯಾಪಕ. ಸರಕಾರಿ ಬಾನುಲಿಯ ಬಿಗುವು ಅಲ್ಲಿರಲಿಲ್ಲ. ಹಾಡು, ಹರಟೆ, ನಗೆಮಾತು. ನಡುನಡುವೆ, ಅಲ್ಪಸಂಖ್ಯಾತ ಟುಟ್ಸಿಗಳನ್ನು ಕುರಿತು ಬಹುಸಂಖ್ಯಾತ ಹುಟುಗಳಿಗೆ ದ್ವೇಷದ ಬೋಧೆ. 1960ರ ದಶಕದ ಟುಟ್ಸಿ ಬಂಡುಕೋರರಿಗೆ ಅಂಟಿದ್ದ ‘ಇನ್ಯೆಂಜಿ’, ಎಂದರೆ ಜಿರಳೆ, ಎಂಬ ಹೆಸರು ಇಡೀ ಜನಾಂಗಕ್ಕೆ ಅಂಟಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನರ ವಿಮಾನವನ್ನು ಯಾರೋ ಹೊಡೆದುರುಳಿಸಿದರು. ಅಲ್ಲಿಂದಾಚೆಗೆ ಕೇಂದ್ರವು ಜನರ ಹೆಸರುಗಳನ್ನೂ ಅವರ ಅಡಗುದಾಣಗಳನ್ನೂ ಸಾರತೊಡಗಿತು. ವಿಶ್ವಸಂಸ್ಥೆಯ ಅಂದಾಜಿನಂತೆ, ಸುಮಾರು ನೂರು ದಿನಗಳಲ್ಲಿ ಸತ್ತವರು 8 ಲಕ್ಷ. ಪ್ರಸಾರವನ್ನು ಅಡಗಿಸುವ ಸಲಹೆಯನ್ನು ಅಮೆರಿಕದ ರಕ್ಷಣಾ ಇಲಾಖೆ ಮೇ 5ರ ಟಿಪ್ಪಣಿಯಲ್ಲಿ ತಳ್ಳಿಹಾಕಿತು. ವಿಮಾನದ ಹಾರಾಟಕ್ಕೆ ಗಂಟೆಗೆ 8,500 ಡಾಲರು ತಗಲುವುದೆಂದೂ ಅದರಲ್ಲಿ ನಮೂದಾಗಿದೆ.

ಆ ಪ್ರಸಾರಗಳಲ್ಲಿ ನನ್ನನ್ನು ಕಾಡುವುದು ‘ಗುಕೋರಾ’ ಎಂಬ ಸಾಧುವಾದ ಕ್ರಿಯಾಪದ. ಕಿನ್ಯಾರ್ವಾಂಡಾ ನುಡಿಯಲ್ಲಿ ಅದಕ್ಕೆ ಕೆಲಸ ಮಾಡುವುದೆಂದು ಅರ್ಥ. ಕೇಂದ್ರದ ಉದ್ಘೋಷಕನಾಗಿದ್ದ ಬೆಲ್ಜಿಯಂನ ಜಾರ್ಜ್ ರುಜ್ಯು ತಪ್ಪೊಪ್ಪಿಕೊಂಡಾಗ, ಟಾಂಜಾನಿಯದ ಅರುಷಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2000ದ ತೀರ್ಪಿನಲ್ಲಿ ಬರೆದಿಟ್ಟಿತು: ‘ಕೆಲಸಕ್ಕೆ ಹೋಗಿ’ ಎಂದರೆ ಟುಟ್ಸಿಗಳನ್ನು ಕೊಲ್ಲಿ ಎಂದೇ ಅರ್ಥವಾಗಿತ್ತು. ನಿಘಂಟು ಹಿಡಿದು ಹುಡುಕಿದರೆ ಈ ಅಪರಾಧ ಸಿಕ್ಕುವುದಿಲ್ಲ.

ನಹಿಮಾನಾನಿಗೆ 2003ರ ಡಿಸೆಂಬರ್ 3ರಂದು ಜೀವಾವಧಿ ಸಜೆಯಾಯಿತು. ಮೇಲ್ಮನವಿಯಲ್ಲಿ, 2007ರ ನವೆಂಬರ್ 28ರಂದು, ಅದು 30 ವರ್ಷಕ್ಕೆ ಇಳಿಯಿತು. ಮಾತನ್ನು ಕೇಳುಗರು ಅವರ ಭಾಷೆ, ಸಂಸ್ಕೃತಿಗಳಲ್ಲಿ ಹೇಗೆ ಗ್ರಹಿಸಿದರೆಂಬುದನ್ನು ನೋಡಬೇಕೆಂದು ಪೀಠ ಹೇಳಿತು. ಅಷ್ಟು ಹೇಳಿಯೂ, ಏಪ್ರಿಲ್ 6ಕ್ಕೆ ಹಿಂದಿನ ಪ್ರಸಾರಗಳು ನರಮೇಧಕ್ಕೆ ನೇರ ಪ್ರಚೋದನೆಯೆಂಬುದು ಸಾಬೀತಾಗಿಲ್ಲವೆಂದು ಗೆರೆ ಎಳೆಯಿತು. ಆ ದಿನದ ನಂತರದ ಪ್ರಸಾರಗಳಿಗೆ ಮಾತ್ರ, ತಡೆಯಬಲ್ಲವನಾಗಿದ್ದೂ ತಡೆಯದ ಮೇಲಿನವನೆಂದು, ನಹಿಮಾನಾ ಹೊಣೆಯಾದ.

ನನ್ನ ತೊಡಕು ಇಲ್ಲಿದೆ. ‘ಕೆಲಸ’ ಎಂದೊಡನೆ ಜನ ಮಚ್ಚು ಹಿಡಿದು ಎದ್ದರೆ, ಆ ಪದವನ್ನು ಹಾಗೆ ಕೇಳುವ ಕಿವಿಯನ್ನು ಪಳಗಿಸಿದ್ದರಲ್ಲಿ ಹಿಂದಿನ ಒಂಬತ್ತು ತಿಂಗಳ ಹರಟೆಗೆ ಪಾಲಿಲ್ಲವೇ? ಆದರೆ ಈ ವಾದವನ್ನೇ ಕಾನೂನಾಗಿಸಿದರೆ, ತನಗೊಲ್ಲದ ಲೇಖಕನ ಯಾವ ಹಳೆಯ ಸಾಲನ್ನು ಯಾವ ಸರಕಾರ ಬಿಟ್ಟೀತು? ಪೀಠದಲ್ಲಿದ್ದ ಥಿಯೊಡೋರ್ ಮೆರನ್ ಪೋಲೆಂಡಿನ ಯೆಹೂದಿ. ಬಾಲ್ಯದಲ್ಲಿ ನಾಜಿಗಳ ದುಡಿಮೆಯ ಶಿಬಿರವನ್ನು ಕಂಡವರು. ದ್ವೇಷಕ್ಕೆ ಅವರಷ್ಟು ಬೆಲೆ ತೆತ್ತವರು ಆ ಸಭಾಂಗಣದಲ್ಲಿ ವಿರಳ. ಬರಿಯ ದ್ವೇಷದ ಮಾತನ್ನು ಅಂತರರಾಷ್ಟ್ರೀಯ ಅಪರಾಧವಾಗಿ ಎಣಿಸಬಾರದೆಂದು ಭಿನ್ನಮತ ಬರೆದವರು ಅವರು.

2016ರಲ್ಲಿ ನಹಿಮಾನಾನಿಗೆ ಅವಧಿಗೆ ಮುನ್ನವೇ ಬಿಡುಗಡೆ ಸಿಕ್ಕಿತು. ಆ ಆದೇಶಕ್ಕೆ ಅಂಕಿತ ಹಾಕಿದವರೂ ಮೆರನ್ನರೇ.