ಮಿಲ್ಟ್ರಿ ತಾತನ ಗೋಡೆಯ ಮೇಲಿದ್ದ ವಿಮಾನ

ನಮ್ಮೂರಿನಲ್ಲಿ ಮಿಲ್ಟ್ರಿ ತಾತ ಅಂತ ಒಬ್ಬರಿದ್ದರು. ಸೇನೆಯಲ್ಲಿ ಟ್ರಕ್ ಓಡಿಸುತ್ತಿದ್ದವರು. 1971ರ ಯುದ್ಧದ ಹೊತ್ತಿಗೆ ರಾಜಸ್ಥಾನದ ಬಾಡಮೇರ್ ಕಡೆ ಇದ್ದರು. ಅವರ ಪಡಸಾಲೆಯ ಗೋಡೆಯಲ್ಲಿ, ಧರ್ಮಸ್ಥಳದ ಮಂಜುನಾಥಸ್ವಾಮಿ ಫೋಟೋ ಪಕ್ಕದಲ್ಲೇ, ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವೊಂದು ನೇತಾಡುತ್ತಿತ್ತು. ಚಿನ್ನದ ಬಣ್ಣದ ಮರಳು, ಹೊಗೆಯಾಡುತ್ತಿರುವ ಎರಡು ಟ್ಯಾಂಕು, ಮೇಲೆ ಓರೆಯಾಗಿ ತಿರುಗುತ್ತಿರುವ ಹಂಟರ್ ವಿಮಾನ. ವಿಮಾನದ ರಿವೆಟ್ಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಾನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ವಿಮಾನ ಬರೆಯೋದು ಕಲಿತದ್ದೇ ಅದನ್ನು ನೋಡಿಕೊಂಡು.

ಒಂದು ದಿನ ಕೇಳಿದೆ, ‘ತಾತ, ಯುದ್ಧ ಹಿಂಗೇ ಇತ್ತಾ?’

ತಾತ ಬೀಡಿ ಆರಿಸಿ ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದರು. ‘ಚಿತ್ರ ಚೆನ್ನಾಗೈತೆ ಕಣ್ಲಾ. ಆದ್ರೆ ಇದ್ನ ಬರ್ದೋನು ಎಲ್ಲಿ ನಿಂತ್ಕಂಡು ಬರ್ದ?’

ಆಗ ಅದು ತಮಾಷೆ ಅನ್ನಿಸಿತ್ತು. ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಸ್ನೇಹಿತರ ಜೊತೆ ರಾತ್ರಿಯೆಲ್ಲ ವಾರ್ ಗೇಮ್ ಆಡುವ ಕಾಲಕ್ಕೆ ಅರ್ಥವಾಯ್ತು. ಗೇಮ್ ಮಾಡುವವರು ಮೊದಲು ತೀರ್ಮಾನಿಸೋದು ಕ್ಯಾಮೆರಾ ಎಲ್ಲಿಡಬೇಕು ಅಂತ. ತಾತ ಕೇಳಿದ್ದೂ ಅದನ್ನೇ. ಆ ಕ್ಯಾಲೆಂಡರ್ ಚಿತ್ರದ ಕ್ಯಾಮೆರಾ ಇದ್ದದ್ದು ಮತ್ತೊಂದು ವಿಮಾನದ ಕಿಟಕಿಯಲ್ಲಿ.

ಚಿತ್ರದಲ್ಲಿದ್ದದ್ದು ಲೊಂಗೆವಾಲಾ. ‘ಬಾರ್ಡರ್’ ಸಿನಿಮಾದಿಂದ ನಮಗೆಲ್ಲ ಗೊತ್ತಿರೋ ಜಾಗ. ಗಣೇಶನ ಹಬ್ಬಕ್ಕೆ ಬಾಡಿಗೆ ವಿಸಿಪಿ ತಂದು ಊರವರೆಲ್ಲ ಬಯಲಲ್ಲಿ ಕೂತು ನೋಡಿದ್ದೆವು. 1971ರ ಡಿಸೆಂಬರ್ 4ರ ರಾತ್ರಿ ಆ ಗಡಿ ಠಾಣೆಯಲ್ಲಿದ್ದದ್ದು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮತ್ತು ಪಂಜಾಬ್ ರೆಜಿಮೆಂಟಿನ ಸುಮಾರು 120 ಜನ. ಎದುರಿಗೆ 2,000ಕ್ಕೂ ಹೆಚ್ಚು ಪಾಕಿಸ್ತಾನಿ ಸೈನಿಕರು, 40ರ ಆಸುಪಾಸು ಟ್ಯಾಂಕು. ಜೈಸಲ್ಮೇರಿನಲ್ಲಿ ನಮ್ಮ ಹಂಟರ್ ವಿಮಾನಗಳೇನೋ ಇದ್ದವು, ಆದರೆ ಅವಕ್ಕೆ ರಾತ್ರಿ ಹೊತ್ತು ಯುದ್ಧ ಮಾಡುವ ಸಲಕರಣೆ ಇರಲಿಲ್ಲ. ಹೀಗಾಗಿ ಠಾಣೆಯವರು ಬೆಳಗಾಗುವವರೆಗೆ ತಡೆದು ನಿಲ್ಲಬೇಕಾಯ್ತು, ನಿಂತರು. ಬೆಳಕು ಹರಿದ ಮೇಲೆ ಹಂಟರ್‌ಗಳು ಬಂದವು. ಬಯಲು ಮರಳುಗಾಡು, ಮರೆಗೊಂದು ಮರವಿಲ್ಲ. ಟ್ಯಾಂಕುಗಳನ್ನು ಕಾಯಲು ಪಾಕಿಸ್ತಾನದ ವಿಮಾನಗಳೂ ಬರಲಿಲ್ಲ. ಮುಂದಿನದ್ದು ಯುದ್ಧ ಅನ್ನೋದಕ್ಕಿಂತ ಬೇಟೆ.

ಆ ಬೇಟೆಯಲ್ಲಿ ಇನ್ನೊಂದು ವಿಮಾನವೂ ಇತ್ತು. ಹೆಸರು ಕೃಷಕ್. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದದ್ದು. ಮೂತಿಗೊಂದು ಫ್ಯಾನು, ತಲೆ ಮೇಲೆ ರೆಕ್ಕೆ, ನಿಧಾನಕ್ಕೆ ಹಾರುವ ಪುಟ್ಟ ವಿಮಾನ. ಮೇಜರ್ ಆತ್ಮಾ ಸಿಂಗ್ ಅದರಲ್ಲಿ ಕೂತು, ಟ್ಯಾಂಕು ಎಲ್ಲಿವೆ ಅಂತ ಹಂಟರ್ ಪೈಲಟ್‌ಗಳಿಗೆ ದಾರಿ ತೋರಿಸಿದರು. ಅಂಥ ತಗಡಿನ ಡಬ್ಬದಲ್ಲಿ ಕೂತು ಕೆಳಗಿನಿಂದ ಗುಂಡು ಹಾರಿಸುವವರ ತಲೆ ಮೇಲೆ ಸುತ್ತೋದಕ್ಕೆ ಎಷ್ಟು ಎದೆಗಾರಿಕೆ ಬೇಕು ಯೋಚನೆ ಮಾಡಿ. ತಾತನ ಚಿತ್ರದಲ್ಲಿ ಅದಿರಲಿಲ್ಲ. ಕೃಷಕ್ ನೋಡೋಕೆ ಚೆನ್ನಾಗಿಲ್ಲವಲ್ಲ, ಕ್ಯಾಲೆಂಡರಿಗೆ ಒಗ್ಗೋದಿಲ್ಲ.

ಲೊಂಗೆವಾಲಾದ ಬಗ್ಗೆ ನಾನು ನೋಡಿರುವ ಅತ್ಯುತ್ತಮ ಚಿತ್ರ ಒಂದು ಕಪ್ಪು-ಬಿಳುಪು ಫೋಟೋ. ವಿಮಾನದಿಂದ ತೆಗೆದದ್ದು. ಅದರಲ್ಲಿ ವೀರರೂ ಇಲ್ಲ, ಬೆಂಕಿಯೂ ಇಲ್ಲ. ಮರಳ ಮೇಲೆ ಟ್ಯಾಂಕಿನ ಚೈನುಗಳ ಗುರುತು ಅಷ್ಟೇ. ಹಂಟರ್‌ಗಳಿಂದ ತಪ್ಪಿಸಿಕೊಳ್ಳಲು ಟ್ಯಾಂಕುಗಳು ಸುತ್ತಿ ಸುತ್ತಿ ತಿರುಗಿವೆ, ಕಣದಲ್ಲಿ ಎತ್ತು ಕಟ್ಟಿ ಹುಲ್ಲು ತುಳಿಸಿದ ಹಾಗೆ. ಮೊದಲ ಸಲ ನೋಡಿದಾಗ ಚಂದ ಅನ್ನಿಸುತ್ತೆ. ಎರಡನೇ ಸಲ ನೋಡಿದಾಗ, ಒಂದೊಂದು ಸುತ್ತಿನೊಳಗೂ ನಾಲ್ಕು ಜನ ಕೂತು ಮೇಲಿನ ಸದ್ದಿಗೆ ಕಿವಿ ಕೊಟ್ಟಿದ್ದರು ಅನ್ನೋದು ನೆನಪಾಗುತ್ತೆ. ಅವರು ಶತ್ರುಗಳೇ, ನಿಜ. ನಮ್ಮ ಗಡಿಯೊಳಗೆ ನುಗ್ಗಿದವರೇ. ಆದರೂ ಆ ಸುತ್ತುಗಳನ್ನು ನೋಡಿ ನನ್ನ ಹೊಟ್ಟೆಯಲ್ಲಿ ಒಂಥರಾ ಆಯ್ತು, ಸುಳ್ಳು ಹೇಳಲ್ಲ.

ಎಲ್ಲಿ ನಿಂತು ಬರೆದೆ ಅಂತ ತಾತ ಕೇಳಿದ್ದರೆ, ‘ವಿಮಾನದಲ್ಲೇ ಕೂತು’ ಅಂತ ನೆಟ್ಟಗೆ ಉತ್ತರಿಸಬಹುದಾಗಿದ್ದ ಚಿತ್ರಕಾರರೂ ಇದ್ದರು. ಸಿಡ್ನಿ ಕಾರ್ಲೈನ್, ರಿಚರ್ಡ್ ಕಾರ್ಲೈನ್ ಅನ್ನೋ ಬ್ರಿಟಿಷ್ ಅಣ್ಣತಮ್ಮಂದಿರು. ಸಿಡ್ನಿ ಸ್ವತಃ ಯುದ್ಧ ಪೈಲಟ್. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಇಬ್ಬರನ್ನೂ ಪ್ಯಾಲೆಸ್ಟೀನ್, ಮೆಸಪೊಟೇಮಿಯಾ ಕಡೆಗೆ ಕಳಿಸಿತು. ಆಕಾಶದಿಂದ ಆ ಯುದ್ಧಭೂಮಿ ಹೇಗೆ ಕಾಣುತ್ತೆ ಅಂತ ಬರೆದು ತನ್ನಿ ಅನ್ನೋದು ಕೆಲಸ. ತೆರೆದ ವಿಮಾನದಲ್ಲಿ, ಆ ಗಾಳಿಯಲ್ಲಿ, ಕಾಗದ ಹಿಡಿದು ಸ್ಕೆಚ್ ಮಾಡಿದರು.

ಸಿಡ್ನಿ ಬರೆದ ಒಂದು ಚಿತ್ರ ವಾದಿ ಫಾರಾ ಅನ್ನೋ ಕಣಿವೆಯದ್ದು. 1918ರ ಸೆಪ್ಟೆಂಬರಿನಲ್ಲಿ ಸೋತು ಹಿಂದಕ್ಕೆ ಹೋಗುತ್ತಿದ್ದ ತುರ್ಕಿ ಸೈನ್ಯ ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡಿತು. ವಿಮಾನಗಳು ಮುಂದಿನ ಗಾಡಿಗಳ ಮೇಲೆ ಬಾಂಬ್ ಹಾಕಿ ದಾರಿ ಮುಚ್ಚಿದವು. ಆಮೇಲೆ ಹಿಂದಿನವರಿಗೆ ಹೋಗೋಕೆ ಜಾಗವೇ ಇಲ್ಲ. ಚಿತ್ರದಲ್ಲಿ ಬೆಟ್ಟದ ಮಡಿಕೆಗಳು, ನಡುವೆ ದಾರದಂಥ ದಾರಿ, ಅದರ ಮೇಲೆ ಇರುವೆ ಸಾಲಿನಂಥ ಗಾಡಿಗಳು. ಮನುಷ್ಯನ ಮುಖ ಒಂದೂ ಇಲ್ಲ. ಅಷ್ಟು ಎತ್ತರದಿಂದ ಕಾಣೋದೂ ಇಲ್ಲ ಬಿಡಿ. ಸಿಡ್ನಿ ಮಾಡಿದ್ದು ಮೋಸ ಅಲ್ಲ, ಪೈಲಟ್ಟಿಗೆ ಕಾಣೋದೇ ಅಷ್ಟು.

ಅದೇ ವಾರ, 1918ರ ಸೆಪ್ಟೆಂಬರ್ 23ರಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ಕುದುರೆ ಮೇಲೆ ಭರ್ಜಿ ಹಿಡಿದು ಮಷಿನ್ ಗನ್ನುಗಳ ಮೇಲೆ ನುಗ್ಗಿದರು. ಪಟ್ಟಣ ಗೆದ್ದರು. ಅವರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಕಂಚಿನ ಪ್ರತಿಮೆಗಳಿವೆ. ಮೂವರಲ್ಲಿ ಒಬ್ಬ ಮೈಸೂರಿನವನು. ಪ್ರತಿಮೆಯಲ್ಲಿ ಆಳು ನಿಂತಿದ್ದಾನೆ, ಮುಖ ಇದೆ, ಮೀಸೆ ಇದೆ. ಎರಡು ದಿನದ ಅಂತರದಲ್ಲಿ ಅಕ್ಕಪಕ್ಕದಲ್ಲೇ ನಡೆದ ಎರಡು ಯುದ್ಧ. ಒಂದು ಸಾವಿರಾರು ವರ್ಷ ಹಳೇದು, ಇನ್ನೊಂದು ನಮ್ಮ ಕಾಲದ್ದು.

ನಮ್ಮ ಕಾಲದ್ದು ಅಂದದ್ದು ಯಾಕಂದ್ರೆ, 73 ವರ್ಷದ ನಂತರ ಕುವೈತಿನಲ್ಲಿ ಅದೇ ಆಯ್ತು. 1991ರ ಫೆಬ್ರವರಿ ಕೊನೆಯಲ್ಲಿ ಇರಾಕಿ ಸೈನ್ಯ ಬಸ್ರಾ ಕಡೆಗೆ ಹಿಂದಿರುಗುತ್ತಿತ್ತು. ಅಮೆರಿಕದ ವಿಮಾನಗಳು ಸಾಲಿನ ಮುಂದೆ, ಹಿಂದೆ ಬಾಂಬ್ ಹಾಕಿ ನಡುವಿನದ್ದನ್ನೆಲ್ಲ ಸುಟ್ಟವು. ಆ ಯುದ್ಧಕ್ಕೆ ಬ್ರಿಟಿಷರು ತಮ್ಮ ಟೊರ್ನಾಡೊ, ಜಾಗ್ವಾರ್ ವಿಮಾನಗಳಿಗೆ ಮರಳಲ್ಲಿ ಬೆರೆತು ಹೋಗುವಂಥ ಗುಲಾಬಿ ಬಣ್ಣ ಬಳಿದಿದ್ದರು. ತೊಳೆದರೆ ಹೋಗುವ ಬಣ್ಣ. ಮೂತಿಯ ಮೇಲೆ ಹುಡುಗಿಯರ ಚಿತ್ರ, ಶಾರ್ಕ್ ಮೀನಿನ ಹಲ್ಲು. ಪಕ್ಕದಲ್ಲಿ ಒಂದೊಂದು ದಾಳಿಗೂ ಒಂದೊಂದು ಪುಟ್ಟ ಬಾಂಬಿನ ಗುರುತು, ನಾವು ಕೇರಂ ಆಡುವಾಗ ಗೋಡೆ ಮೇಲೆ ಗೀಟು ಎಳೆದು ಲೆಕ್ಕ ಇಡ್ತಿದ್ವಲ್ಲ, ಹಾಗೆ.

ಅದೇ ಮ್ಯೂಸಿಯಂ ಈ ಸಲ ಜಾನ್ ಕೀನ್ ಅನ್ನೋ ಚಿತ್ರಕಾರನನ್ನು ಕಳಿಸಿತು. ಆತ ನೆಲದ ಮೇಲೆ ನಿಂತ. ಹಾಳಾದ ಕಡಲತೀರ, ಮುರಿದ ಈಚಲು ಜಾತಿಯ ಮರ, ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ಆಯುಧ, ಪಕ್ಕದಲ್ಲಿ ನಗುತ್ತಿರುವ ಮಿಕ್ಕಿ ಮೌಸ್. ಬ್ರಿಟನ್ನಿನ ಪತ್ರಿಕೆಗಳು ಕೆಂಡ ಕಾರಿದವು, ಸೈನಿಕರಿಗೆ ಅವಮಾನ ಅಂತ. ನಾನು ಕುವೈತಿನಲ್ಲಿ ಕಂಡದ್ದನ್ನೇ ಬರೆದೆ ಅನ್ನೋ ಅರ್ಥದ ಸಮಜಾಯಿಷಿ ಕೀನ್ ಕೊಡಬೇಕಾಯ್ತು. ಕೆನೆತ್ ಜೆರೆಕಿ ಅನ್ನೋ ಫೋಟೋಗ್ರಾಫರ್, ಟ್ರಕ್ಕಿನಲ್ಲೇ ಸುಟ್ಟು ಕರಕಲಾದ ಇರಾಕಿ ಸೈನಿಕನ ಮುಖ ತೆಗೆದಿದ್ದ. ಅಮೆರಿಕದಲ್ಲಿ ಸುದ್ದಿಸಂಸ್ಥೆ ಅದನ್ನು ತಡೆಹಿಡಿಯಿತು, ಲಂಡನ್ನಿನ ಅಬ್ಸರ್ವರ್ ಅಚ್ಚು ಹಾಕಿತು. ಗುಲಾಬಿ ವಿಮಾನದ ಹುಡುಗಿಯರ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸಿಕೊಂಡ ಹಾಗಿಲ್ಲ.

ವಿಮಾನ ಅಂದ್ರೆ ನನಗೆ ಈಗಲೂ ಇಷ್ಟ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿರುವ ಮಾರುತ್ ವಿಮಾನದ ಮುಂದೆ ಮಗಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದೇನೆ. ಅದೂ ಎಚ್‌ಎಎಲ್ ಕೂಸು, ಅದೂ 1971ರಲ್ಲಿ ರಾಜಸ್ಥಾನದ ಮೇಲೆ ಹಾರಿದ್ದು.

ತಾತ ತೀರಿಕೊಳ್ಳುವ ಹಿಂದಿನ ವರ್ಷ, ದಸರಾ ರಜೆಗೆ ಊರಿಗೆ ಹೋದಾಗ, ಆ ಟ್ಯಾಂಕಿನ ಗುರುತಿನ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಮೇಲೆ ಸರಿಸಿ ಹತ್ತಿರ ಬಗ್ಗಿದರು. ಸುತ್ತುಗಳ ಬಗ್ಗೆ ಏನೂ ಹೇಳಲಿಲ್ಲ. ಬೆರಳು ಒಂದು ಮೂಲೆಗೆ ಹೋಯ್ತು, ಅಲ್ಲೊಂದು ಸಣ್ಣ ನೆಟ್ಟಗಿನ ಗೆರೆ.

‘ಇದು ಟ್ಯಾಂಕಿಂದಲ್ಲ. ಟ್ರಕ್ಕಿಂದು ಇರ್ಬೇಕು. ಅನ್ನಾನೋ ನೀರೋ ತಗಂಡು ಬಂದಿರ್ತಾನೆ ಪಾಪ.’ ಆಮೇಲೆ ಕೇಳಿದರು, ‘ಇದು ಎಲ್ಲಿಗೋಯ್ತು ನೋಡು, ಆ ಕಡೀಕ್ ಸರ್ಸು.’

ಸರಿಸೋಕೆ ಇರಲಿಲ್ಲ. ಫೋಟೋ ಅಲ್ಲಿಗೇ ಮುಗಿದಿತ್ತು.